‘ನಮ್ಮ ಹೆಂಗಸರು ಬರಲ್ಲ’ ಎಂಬ ಸುಳ್ಳು

ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯ ಮಾತೆತ್ತಿ ನೋಡಿ. ದಾವಣಗೆರೆ ಜಿಲ್ಲೆಯ ಚನ್ನಗಿರಿಯಿಂದ ಜಗಳೂರಿನವರೆಗೆ ಒಂದೇ ಉತ್ತರ: ‘ನಮ್ಮ ಕಡೆ ಹೆಂಗಸರು ಬರಲ್ಲ ಸರ್. ಸಂಕೋಚ ಜಾಸ್ತಿ. ಮೊದಲು ಜಾಗೃತಿ ಮೂಡಿಸಬೇಕು.’ ಸಭೆಯಲ್ಲಿ ಅಧಿಕಾರಿಗಳು ಇದನ್ನು ಹೇಳುತ್ತಾರೆ, ವೇದಿಕೆಯ ಮೇಲೆ ಜನಪ್ರತಿನಿಧಿಗಳು ಹೇಳುತ್ತಾರೆ, ಎಷ್ಟೋ ವೈದ್ಯರೂ ಹೇಳುತ್ತಾರೆ, ಪತ್ರಿಕೆಗಳು ಮರುಪ್ರಶ್ನೆ ಕೇಳದೆ ಅಚ್ಚು ಹಾಕುತ್ತವೆ. ಕೇಳಿದವರಿಗೂ ಸರಿಯೆನ್ನಿಸುತ್ತದೆ. ಹಳ್ಳಿಯ ಹೆಂಗಸು, ಅದೂ ಅಂಥ ಜಾಗದ ಪರೀಕ್ಷೆ, ನಾಚಿಕೊಳ್ಳದೆ ಇರುತ್ತಾಳೆಯೇ ಎಂದು ತಲೆಯಾಡಿಸಿ ಎದ್ದು ಹೋಗುತ್ತಾರೆ.

ಈ ಮಾತು ಸುಳ್ಳು. ತಾನು ಮಾಡಬೇಕಾದ ಕೆಲಸ ಮಾಡದ ವ್ಯವಸ್ಥೆಯೊಂದು ತನ್ನ ತಪ್ಪನ್ನು ಹೆಂಗಸರ ಸೆರಗಿಗೆ ಗಂಟು ಹಾಕಿ ಕೈತೊಳೆದುಕೊಂಡ ಸುಳ್ಳು. ಈ ಸುಳ್ಳನ್ನು ನಂಬಿದಷ್ಟು ದಿನವೂ ಹೆಣ್ಣುಮಕ್ಕಳು ಸಾಯುತ್ತಾರೆ. ಭಾರತದಲ್ಲಿ ವರ್ಷಕ್ಕೆ ಸುಮಾರು 1,27,000 ಹೆಂಗಸರಿಗೆ ಈ ಕ್ಯಾನ್ಸರ್ ಬರುತ್ತಿದೆ, ಸುಮಾರು 80,000 ಮಂದಿ ಸಾಯುತ್ತಿದ್ದಾರೆ. ಬರುವ ಮೊದಲೇ ಹಿಡಿದು ನಿಲ್ಲಿಸಬಹುದಾದ ಕ್ಯಾನ್ಸರಿಗೆ ಇಷ್ಟು ಜನ ಬಲಿಯಾಗುತ್ತಿರುವಾಗ ನಾವು ಸತ್ತವರ ಸಂಕೋಚದ ಬಗ್ಗೆ ಮಾತಾಡುತ್ತಿದ್ದೇವೆ.

ಇದೇ ಹೆಂಗಸರು ಹೆರಿಗೆಗೆ ಆಸ್ಪತ್ರೆಗೆ ಬಂದರಲ್ಲ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲಿ ಆಗುತ್ತವೆ. ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 57 ಮಂದಿ ಮಕ್ಕಳಾಗದ ಆಪರೇಷನ್ ಮಾಡಿಸಿಕೊಂಡಿದ್ದಾರೆ. ಗಂಡಸರ ಆಪರೇಷನ್ ಅದೇ ಸಮೀಕ್ಷೆಯಲ್ಲಿ ಲೆಕ್ಕಕ್ಕೂ ಸಿಗುವುದಿಲ್ಲ. ಸರ್ಕಾರಕ್ಕೆ ಜನಸಂಖ್ಯೆ ಇಳಿಸಬೇಕಾದಾಗ ಇದೇ ಚನ್ನಗಿರಿಯ, ಇದೇ ಹೊನ್ನಾಳಿಯ ಹೆಣ್ಣುಮಕ್ಕಳನ್ನು ಮನೆಮನೆಗೆ ಹೋಗಿ ಒಪ್ಪಿಸಿ, ವಾಹನದಲ್ಲಿ ಕರೆತಂದು, ಶಿಬಿರದ ಹಾಸಿಗೆಯ ಮೇಲೆ ಸಾಲಾಗಿ ಮಲಗಿಸಲು ಸಾಧ್ಯವಾಯಿತು. ಕಾಪರ್-ಟಿ ಹಾಕಲು ಸಾಧ್ಯವಾಯಿತು. ಆಗ ಅಡ್ಡ ಬಾರದ ನಾಚಿಕೆ ಈಗ ಎಲ್ಲಿಂದ ಬಂತು? ಬೇರೆಯವರ ಗುರಿ ಮುಟ್ಟಿಸಲು ತನ್ನ ದೇಹವನ್ನು ಒಪ್ಪಿಸಿದ ಹೆಣ್ಣು ತನ್ನ ಜೀವ ಉಳಿಸಿಕೊಳ್ಳಲು ಮಾತ್ರ ಬರುವುದಿಲ್ಲ ಎಂದು ಯಾವ ಆಧಾರದ ಮೇಲೆ ಹೇಳುತ್ತೀರಿ?

ಅದೇ ಸಮೀಕ್ಷೆ ಗರ್ಭಕೊರಳಿನ ತಪಾಸಣೆಯ ಬಗ್ಗೆಯೂ ಕೇಳಿತ್ತು. 30ರಿಂದ 49 ವರ್ಷದೊಳಗಿನವರಲ್ಲಿ ಜೀವನದಲ್ಲಿ ಒಮ್ಮೆಯಾದರೂ ಪರೀಕ್ಷೆಯಾದವರು ದೇಶದಲ್ಲಿ ನೂರಕ್ಕೆ ಇಬ್ಬರೂ ಇಲ್ಲ. ಕರ್ನಾಟಕದಲ್ಲಿ ನೂರಕ್ಕೆ ಒಬ್ಬಳೂ ಇಲ್ಲ. ತಮಿಳುನಾಡಿನಲ್ಲಿ ಹತ್ತಿರ ಹತ್ತಿರ ಹತ್ತು ಮಂದಿ. ಅತ್ತಿಬೆಲೆ ದಾಟಿ ಹೊಸೂರಿಗೆ ಕಾಲಿಟ್ಟೊಡನೆ ಹೆಂಗಸರ ನಾಚಿಕೆ ಹತ್ತು ಪಟ್ಟು ಇಳಿದುಬಿಡುತ್ತದೆಯೇ? ಅಲ್ಲಿ 2007ರಲ್ಲೇ ತಂಜಾವೂರು ಮತ್ತು ತೇನಿ ಜಿಲ್ಲೆಗಳಲ್ಲಿ ಪ್ರಯೋಗ ಶುರು ಮಾಡಿದರು, ನರ್ಸುಗಳಿಗೆ ತರಬೇತಿ ಕೊಟ್ಟರು, ಮುಂದೆ ಇಡೀ ರಾಜ್ಯಕ್ಕೆ ಹರಡಿದರು. ಹತ್ತು ಮಂದಿಯೂ ಕಡಿಮೆಯೇ. ಆದರೆ ವ್ಯತ್ಯಾಸ ಇರುವುದು ಹೆಂಗಸರಲ್ಲಲ್ಲ, ಸರ್ಕಾರಗಳಲ್ಲಿ ಎಂದು ತೋರಿಸಲು ಅಷ್ಟು ಸಾಕು.

ಈ ಕಾಯಿಲೆಯ ಸ್ವಭಾವ ತಿಳಿದವರು ಯಾರೂ ಸುಮ್ಮನಿರಲು ಸಾಧ್ಯವಿಲ್ಲ. ಇದನ್ನು ತರುವುದು ಹ್ಯೂಮನ್ ಪ್ಯಾಪಿಲೋಮಾ ವೈರಸ್, ಎಚ್‌ಪಿವಿ. ಜರ್ಮನಿಯ ಹರಾಲ್ಡ್ ಜುರ್ ಹೌಸೆನ್ 1980ರ ದಶಕದಲ್ಲೇ ಇದನ್ನು ತೋರಿಸಿಕೊಟ್ಟರು; 2008ರಲ್ಲಿ ಅವರಿಗೆ ನೊಬೆಲ್ ಬಂತು. ಈ ವೈರಸ್ಸಿನ ನೂರಾರು ಬಗೆಗಳಲ್ಲಿ 16 ಮತ್ತು 18ನೆಯವೆರಡೇ ಸುಮಾರು ಶೇ. 70ರಷ್ಟು ಗರ್ಭಕೊರಳಿನ ಕ್ಯಾನ್ಸರಿಗೆ ಕಾರಣ. ಬಹುತೇಕ ಹೆಂಗಸರಿಗೆ ಸೋಂಕು ತಗಲಿ ಎರಡು ವರ್ಷದೊಳಗೆ ತಾನಾಗಿಯೇ ಹೋಗಿಬಿಡುತ್ತದೆ. ಕೆಲವರಲ್ಲಿ ಹೋಗದೆ ಉಳಿಯುತ್ತದೆ. ಹಾಗೆ ಉಳಿದ ಕಡೆ ಗರ್ಭಕೊರಳಿನ ಚರ್ಮದ ಕೋಶಗಳು ನಿಧಾನವಾಗಿ ರೂಪ ಬದಲಿಸತೊಡಗುತ್ತವೆ. ಆ ಬದಲಾವಣೆ ಕ್ಯಾನ್ಸರ್ ಆಗಿ ಆಳಕ್ಕೆ ಇಳಿಯಲು ಹತ್ತರಿಂದ ಇಪ್ಪತ್ತು ವರ್ಷ ಬೇಕು. ಇಷ್ಟು ದೀರ್ಘ ಕಾಲಾವಕಾಶ ಕೊಡುವ ಕ್ಯಾನ್ಸರ್ ಇನ್ನೊಂದು ಸಿಗುವುದು ಅಪರೂಪ. ಆ ಅವಧಿಯಲ್ಲಿ ಯಾವಾಗ ನೋಡಿದರೂ ಕಾಣುತ್ತದೆ, ಕೆಲವೇ ನಿಮಿಷದಲ್ಲಿ ಸುಟ್ಟು ತೆಗೆಯಬಹುದು, ಹೆಂಗಸು ಅದೇ ದಿನ ನಡೆದು ಮನೆಗೆ ಹೋಗಬಹುದು.

ಆದರೆ ಆ ಹತ್ತಿಪ್ಪತ್ತು ವರ್ಷದಲ್ಲಿ ಅವಳಿಗೆ ಏನೂ ಆಗುವುದಿಲ್ಲ. ನೋವಿಲ್ಲ, ರಕ್ತವಿಲ್ಲ, ಸುಸ್ತಿಲ್ಲ. ಬೆಳಗ್ಗೆದ್ದು ರೊಟ್ಟಿ ತಟ್ಟಿ ಮೆಕ್ಕೆಜೋಳದ ಹೊಲಕ್ಕೆ ಹೋಗುವ ಗಟ್ಟಿಮುಟ್ಟಾದ ಹೆಂಗಸು ಅವಳು. ಇಲ್ಲಿಗೆ ನನ್ನ ಎರಡನೆಯ ಆರೋಪ ಬರುತ್ತದೆ. ತಪಾಸಣೆಯ ಹೆಸರಿನಲ್ಲಿ ಮನೆಬಾಗಿಲಲ್ಲಿ ನಡೆಯುವುದೇನು? ಆಶಾ ಕಾರ್ಯಕರ್ತೆಯ ಕೈಯಲ್ಲಿ ಒಂದು ನಮೂನೆ ಇರುತ್ತದೆ. ಮುಟ್ಟಿನ ನಡುವೆ ರಕ್ತ ಹೋಗುತ್ತದೆಯೇ, ಮುಟ್ಟು ನಿಂತ ಮೇಲೆ ಹೋಗುತ್ತದೆಯೇ, ಗಂಡನೊಡನೆ ಕೂಡಿದ ಮೇಲೆ ಹೋಗುತ್ತದೆಯೇ, ವಾಸನೆಯ ಬಿಳುಪು ಹೋಗುತ್ತದೆಯೇ ಎಂಬ ಪ್ರಶ್ನೆಗಳು. ಇಲ್ಲ, ಇಲ್ಲ, ಇಲ್ಲ, ಇಲ್ಲ ಎಂದರೆ ಅಲ್ಲಿಗೆ ಮುಗಿಯಿತು. ಆದರೆ ಹೌದು ಎನ್ನುವ ಹೊತ್ತಿಗೆ ಎಷ್ಟೋ ಜನರಲ್ಲಿ ಕ್ಯಾನ್ಸರ್ ಆಗಲೇ ಇಳಿದಿರುತ್ತದೆ. ಯಾವ ಹಂತದಲ್ಲಿ ಹಿಡಿಯಬೇಕೋ ಆ ಹಂತದಲ್ಲಿ ಲಕ್ಷಣವೇ ಇಲ್ಲದ ಕಾಯಿಲೆಯನ್ನು ಲಕ್ಷಣ ಕೇಳಿ ಹುಡುಕುವುದು ತಪಾಸಣೆಯೇ? ನಮೂನೆ ತುಂಬಿದ ಸಂಖ್ಯೆಯನ್ನು ‘ಸ್ಕ್ರೀನಿಂಗ್ ಆಯಿತು’ ಎಂದು ಮೇಲಕ್ಕೆ ಕಳಿಸಿದರೆ ಅದು ಸತ್ಯವೇ? 2024ರಲ್ಲಿ ಕೋಲಾರದಿಂದ ಆರಂಭವಾದ ಗೃಹ ಆರೋಗ್ಯ ಯೋಜನೆ ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಜೊತೆಗೆ ಗರ್ಭಕೊರಳಿನ ಕ್ಯಾನ್ಸರನ್ನೂ ಪಟ್ಟಿಯಲ್ಲಿ ಇಟ್ಟುಕೊಂಡಿದೆ. ಬಿಪಿಯನ್ನು ಜಗಲಿಯ ಮೇಲೆ ಕೂರಿಸಿ ನೋಡಬಹುದು. ಗರ್ಭಕೊರಳನ್ನು ಪ್ರಶ್ನೆ ಕೇಳಿ ನೋಡಲು ಬರುವುದಿಲ್ಲ. ಆಶಾಳನ್ನು ನಾನು ದೂರುತ್ತಿಲ್ಲ. ಅವಳ ಕೈಗೆ ಕಾಗದ ಮಾತ್ರ ಕೊಟ್ಟು ಕಳಿಸಿದವರನ್ನು ದೂರುತ್ತಿದ್ದೇನೆ.

ಇನ್ನು ಜಾಗೃತಿ. ಫೆಬ್ರವರಿ 4ರ ವಿಶ್ವ ಕ್ಯಾನ್ಸರ್ ದಿನಕ್ಕೆ ಜಾಥಾ, ಮಾರ್ಚ್ 8ಕ್ಕೆ ಉಪನ್ಯಾಸ, ಬ್ಯಾನರ್, ದೀಪ ಬೆಳಗುವುದು, ಮಾಲಾರ್ಪಣೆ, ಮರುದಿನದ ಪತ್ರಿಕೆಯಲ್ಲಿ ಫೋಟೊ. ನ್ಯಾಮತಿಯಲ್ಲಿ ಅಂಥ ಒಂದು ಭಾಷಣ ಕೇಳಿ ಮನಸ್ಸು ಮಾಡಿದ ಹೆಂಗಸೊಬ್ಬಳು ಮರುದಿನ ಬೆಳಗ್ಗೆ ಎದ್ದು ಎಲ್ಲಿಗೆ ಹೋಗಬೇಕು? ಯಾವ ಬಾಗಿಲು ತಟ್ಟಬೇಕು? ಯಾವ ವಾರ, ಎಷ್ಟು ಗಂಟೆಗೆ, ಯಾರು ನೋಡುತ್ತಾರೆ? ಭಾಷಣ ಮಾಡಿದವರಿಗೆ ಈ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ ಅವರು ವೇದಿಕೆ ಹತ್ತಬಾರದು. ಹೋಗಲು ಜಾಗವಿಲ್ಲದ ಕಡೆಗೆ ಹೋಗು ಎಂದು ಹೇಳುವುದು ಜಾಗೃತಿಯಲ್ಲ, ವಂಚನೆ.

ಜಾಗೃತಿಯೊಂದೇ ಏನು ಮಾಡಬಲ್ಲದು ಎಂಬುದಕ್ಕೆ ಲೆಕ್ಕವೇ ಇದೆ. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ವೈದ್ಯರು 1998ರಿಂದ ಅಲ್ಲಿನ ಕೊಳೆಗೇರಿಗಳಲ್ಲಿ ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು ಎರಡು ಗುಂಪು ಮಾಡಿ ವರ್ಷಗಟ್ಟಲೆ ಗಮನಿಸಿದರು. ಒಂದು ಗುಂಪಿಗೆ ಕ್ಯಾನ್ಸರ್ ಬಗ್ಗೆ ತಿಳಿವಳಿಕೆ ಕೊಟ್ಟರು, ಅಷ್ಟೆ. ಇನ್ನೊಂದು ಗುಂಪಿಗೆ ತಿಳಿವಳಿಕೆಯ ಜೊತೆಗೆ ಎರಡು ವರ್ಷಕ್ಕೊಮ್ಮೆ ವಿನೆಗರ್ ಪರೀಕ್ಷೆ ಮಾಡಿದರು. 2013ರಲ್ಲಿ ಫಲಿತಾಂಶ ಹೊರಬಂತು: ಪರೀಕ್ಷೆಯಾದವರಲ್ಲಿ ಈ ಕ್ಯಾನ್ಸರಿನ ಸಾವು ಶೇ. 31ರಷ್ಟು ಕಡಿಮೆ. ಮಾತು ಮಾತ್ರ ಸಿಕ್ಕವರಲ್ಲಿ ಹೆಚ್ಚು ಜನ ಸತ್ತರು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂಬ ನಮ್ಮ ನಾಲ್ಕು ತಾಲ್ಲೂಕಿನ ಹೆಂಗಸರನ್ನು ಕೇಳದೆಯೇ ಆ ಮೊದಲ ಗುಂಪಿಗೆ ಸೇರಿಸಿದ್ದೇವೆ.

ಆ ಪರೀಕ್ಷೆ ಮಾಡಿದವರು ಯಾರು? ತಜ್ಞರಲ್ಲ. ಹತ್ತನೇ ತರಗತಿ ಓದಿ ನಾಲ್ಕು ವಾರ ತರಬೇತಿ ಪಡೆದ ಹೆಂಗಸರು. ಶೇ. 3ರಿಂದ 5ರಷ್ಟು ಅಸಿಟಿಕ್ ಆಮ್ಲ, ಅಂದರೆ ವಿನೆಗರಿನ ತಿಳಿ ದ್ರಾವಣ, ಅದನ್ನು ಹತ್ತಿಯಲ್ಲಿ ಅದ್ದಿ ಗರ್ಭಕೊರಳಿಗೆ ಸವರಿ ಒಂದು ನಿಮಿಷ ಕಾಯುತ್ತಾರೆ. ರೂಪ ಬದಲಾದ ಕೋಶಗಳಿರುವ ಜಾಗ ಬೆಳ್ಳಗಾಗುತ್ತದೆ. ಬರಿಗಣ್ಣಿಗೆ ಕಾಣುತ್ತದೆ. ಲ್ಯಾಬಿಲ್ಲ, ವಾರಗಟ್ಟಲೆ ಕಾಯುವುದಿಲ್ಲ. ಕೇಂದ್ರ ಸರ್ಕಾರ 2016ರಲ್ಲಿ ಹೊರಡಿಸಿದ ಮಾರ್ಗಸೂಚಿ 30ರಿಂದ 65 ವರ್ಷದ ಪ್ರತಿ ಹೆಂಗಸಿಗೂ ಐದು ವರ್ಷಕ್ಕೊಮ್ಮೆ ಈ ಪರೀಕ್ಷೆ ಆಗಬೇಕು ಎನ್ನುತ್ತದೆ. ಎಂದರೆ ಇದು ಹೊಸ ಬೇಡಿಕೆಯಲ್ಲ. ಸರ್ಕಾರವೇ ಬರೆದು ಸಹಿ ಹಾಕಿದ ಮಾತು. ಆ ಮಾತಿಗೆ ಇಷ್ಟು ವರ್ಷವಾದರೂ ನೂರಕ್ಕೆ ಒಬ್ಬಳೂ ಇಲ್ಲ ಎಂಬ ರಾಜ್ಯದಲ್ಲಿ ತಪ್ಪಿತಸ್ಥರು ಯಾರು, ಸಂತೇಬೆನ್ನೂರಿನ ಅಡಿಕೆ ಸುಲಿಯುವ ಹೆಂಗಸೇ?

ಓದುಗರಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ನೋಡಿ ಬನ್ನಿ. ಬಸವಾಪಟ್ಟಣವೋ ಸಾಸ್ವೆಹಳ್ಳಿಯೋ ಸವಳಂಗವೋ ಬಿಳಿಚೋಡೋ, ಯಾವುದಾದರೂ ಸರಿ. ಒಳಗಿನಿಂದ ಚಿಲಕ ಹಾಕಬಹುದಾದ ಒಂದು ಕೋಣೆ ಇದೆಯೇ? ಆ ಕೋಣೆಯ ಕಿಟಕಿಗೆ ಪರದೆ ಇದೆಯೇ? ಮಲಗಲು ಸರಿಯಾದ ಟೇಬಲ್, ಕರೆಂಟು ಹೋದರೂ ಉರಿಯುವ ದೀಪ, ಒಬ್ಬರಿಗೆ ಬಳಸಿದ್ದನ್ನು ಕುದಿಸಿ ಶುದ್ಧಮಾಡಿಯೇ ಇನ್ನೊಬ್ಬರಿಗೆ ಬಳಸುವಷ್ಟು, ಗರ್ಭಕೊರಳು ಕಾಣುವಂತೆ ಅಗಲಿಸಿ ಹಿಡಿಯುವ ಸ್ಪೆಕ್ಯುಲಮ್‌ಗಳು ಇವೆಯೇ? ಪಕ್ಕದಲ್ಲಿ ನೀರು ಬರುವ ಶೌಚಾಲಯ ಇದೆಯೇ? ನೋಡುವವರು ಹೆಂಗಸೇ? ತರಬೇತಿ ಆಗಿದೆಯೇ? ಅವರು ಗದರುತ್ತಾರೋ, ‘ಅಕ್ಕಾ, ಹೆದರಬೇಡಿ, ನೋವಾಗಲ್ಲ’ ಎನ್ನುತ್ತಾರೋ? ಇವಿಷ್ಟೂ ಇದ್ದು, ಆಮೇಲೂ ಹೆಂಗಸರು ಬರದಿದ್ದರೆ ನಾಚಿಕೆಯ ಮಾತು ಆಡೋಣ. ಅರ್ಧ ತೆರೆದ ಬಾಗಿಲಿನ ಕೋಣೆಯಲ್ಲಿ, ಹೊರಗೆ ಗಂಡಸರು ಸಾಲುಗಟ್ಟಿ ನಿಂತಿರುವಾಗ, ಸೀರೆ ಮೇಲೆತ್ತಿ ಮಲಗು ಎಂದರೆ ಯಾವ ಅಧಿಕಾರಿಯ ಮನೆಯ ಹೆಣ್ಣುಮಗಳು ಮಲಗುತ್ತಾಳೆ? ತನ್ನ ಮಾನ ಕಾಪಾಡಿಕೊಳ್ಳುವ ಹೆಣ್ಣನ್ನು ಅಜ್ಞಾನಿ ಎಂದು ಕರೆಯುವ ಹಕ್ಕು ಯಾರಿಗೂ ಇಲ್ಲ.

ಕೂಲಿಯ ಲೆಕ್ಕವನ್ನು ಈ ವಾದ ಮಾಡುವವರು ಒಮ್ಮೆಯೂ ಹಾಕಿದಂತಿಲ್ಲ. ಜಗಳೂರು ತಾಲ್ಲೂಕಿನ ಹಳ್ಳಿಯೊಂದರ ಕೂಲಿ ಹೆಂಗಸನ್ನೇ ತೆಗೆದುಕೊಳ್ಳಿ. ಮಳೆ ಕೈಕೊಟ್ಟ ವರ್ಷ ಕಾಫಿ ತೋಟಕ್ಕೋ ಬೆಂಗಳೂರಿಗೋ ಗುಳೆ ಹೋಗಿ ಬರುವವಳು. ಮೊದಲು ಉಪಕೇಂದ್ರಕ್ಕೆ ಹೋಗಬೇಕು. ಅಲ್ಲಿಂದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರೆದುಕೊಡುತ್ತಾರೆ. ಅಲ್ಲಿಂದ ತಾಲ್ಲೂಕು ಆಸ್ಪತ್ರೆಗೆ. ‘ಡಾಕ್ಟ್ರು ಇವತ್ತಿಲ್ಲ, ಸೋಮವಾರ ಬಾ.’ ಸೋಮವಾರ ಬಂದರೆ ದಾವಣಗೆರೆಗೆ ಚೀಟಿ. ದಾವಣಗೆರೆಯಲ್ಲಿ ಚಿಗಟೇರಿ ಆಸ್ಪತ್ರೆಯ ಸಾಲು, ಮತ್ತೆ ರಿಪೋರ್ಟಿಗೆ ಇನ್ನೊಂದು ದಿನ. ಪ್ರತಿ ಹೆಜ್ಜೆಗೂ ಒಂದು ದಿನದ ಕೂಲಿ, ಬಸ್ಸು ಉಚಿತವಾದರೂ ಊಟದ ಖರ್ಚು, ಮನೆಯಲ್ಲಿ ಅತ್ತೆಗೆ ಉತ್ತರ, ಮಗುವನ್ನು ನೋಡಿಕೊಳ್ಳುವವರ ಹುಡುಕಾಟ. ಅವಳಿಗೆ ಯಾವ ನೋವೂ ಇಲ್ಲ ಎಂಬುದನ್ನು ನೆನಪಿಡಿ. ನೋವಿಲ್ಲದವಳು ಐದು ದಿನದ ಕೂಲಿ ಬಿಟ್ಟು ಅಲೆಯಬೇಕು ಎಂದು ಬಯಸುವ ವ್ಯವಸ್ಥೆ ಅವಳು ಎರಡನೆಯ ಹೆಜ್ಜೆಗೇ ನಿಂತುಬಿಟ್ಟಾಗ ಅದಕ್ಕೆ ನಾಚಿಕೆ ಎಂದು ಹೆಸರಿಡುತ್ತದೆ.

ಒಂದು ದಿನದ ಶಿಬಿರವೂ ಇದಕ್ಕೆ ಉತ್ತರವಲ್ಲ. ಶಿಬಿರದಲ್ಲಿ ನೋಡಿ, ‘ನಿಮಗೆ ಏನೋ ಇದೆ, ದೊಡ್ಡಾಸ್ಪತ್ರೆಗೆ ಹೋಗಿ’ ಎಂದು ಚೀಟಿ ಕೊಟ್ಟು ಟೆಂಟ್ ಬಿಚ್ಚಿಕೊಂಡು ಹೋಗುವುದು ಪರೀಕ್ಷೆ ಮಾಡದಿರುವುದಕ್ಕಿಂತ ಕ್ರೂರ. ಕಂಡೂ ಚಿಕಿತ್ಸೆ ಕೊಡದೆ ಬಿಟ್ಟ ಕಳಂಕ ಈ ದೇಶಕ್ಕೆ ಆಗಲೇ ಅಂಟಿದೆ. 1976ರಿಂದ 1988ರವರೆಗೆ ದೆಹಲಿಯಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಂಸ್ಥೆಯೊಂದು ಗರ್ಭಕೊರಳಿನಲ್ಲಿ ಕ್ಯಾನ್ಸರ್-ಪೂರ್ವ ಬದಲಾವಣೆ ಇದ್ದ ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಚಿಕಿತ್ಸೆ ಕೊಡದೆ ಗಮನಿಸುತ್ತಾ ಕೂತಿತ್ತು. ಕೆಲವರಲ್ಲಿ ಅದು ಕ್ಯಾನ್ಸರ್ ಆಯಿತು. 1997ರಲ್ಲಿ ವಿಷಯ ಹೊರಬಿದ್ದಾಗ ಜಗತ್ತು ಛೀ ಎಂದಿತು. ಶಿಬಿರದಲ್ಲಿ ಹೆಸರು ಬರೆಸಿಕೊಂಡು ಮತ್ತೆ ಹಿಂತಿರುಗಿ ನೋಡದವರು ಅದಕ್ಕಿಂತ ಎಷ್ಟು ಭಿನ್ನ?

ಈ ಕಥೆಯ ಇನ್ನೊಂದು ಮುಖ ಇನ್ನೂ ಘೋರ. ಇಲ್ಲಿ ಗರ್ಭಕೊರಳನ್ನು ನೋಡುವವರಿಲ್ಲ, ಗರ್ಭಕೋಶವನ್ನೇ ತೆಗೆಯುವವರಿದ್ದಾರೆ. ಬಿಳುಪು ಹೋಗುತ್ತದೆ, ಸೊಂಟ ನೋವು ಎಂದು ಬಂದ ಮೂವತ್ತೈದರ ಹೆಂಗಸಿಗೆ ‘ಹೀಗೇ ಬಿಟ್ಟರೆ ಕ್ಯಾನ್ಸರ್ ಆಗುತ್ತದೆ, ಚೀಲ ತೆಗೆಸಿಬಿಡು, ಮಕ್ಕಳಂತೂ ಆಗಿವೆಯಲ್ಲ’ ಎಂಬ ಸಲಹೆ ಮಧ್ಯ ಕರ್ನಾಟಕದಲ್ಲಿ ಯಾರು ಕೇಳಿಲ್ಲ? ಹೊನ್ನಾಳಿಯ ಪಕ್ಕದ ರಾಣೆಬೆನ್ನೂರಿನಲ್ಲಿ ಸರ್ಕಾರಿ ಆಸ್ಪತ್ರೆಯಲ್ಲೇ ಅಗತ್ಯವಿಲ್ಲದೆ ಗರ್ಭಕೋಶ ತೆಗೆದರೆಂದು ನೂರಾರು ಹೆಣ್ಣುಮಕ್ಕಳು, ಹೆಚ್ಚಿನವರು ಲಂಬಾಣಿ ತಾಂಡಾಗಳವರು, ದೂರು ಹೊತ್ತು ಬೀದಿಗಿಳಿದು ಹೋರಾಡಿದರು. 2015ರಲ್ಲಿ ಕಲಬುರಗಿಯಲ್ಲಿ ಖಾಸಗಿ ಆಸ್ಪತ್ರೆಗಳ ವಿರುದ್ಧ ಇದೇ ದೂರು, ಅಲ್ಲಿಯೂ ತಾಂಡಾದ ಹೆಣ್ಣುಮಕ್ಕಳೇ. ಕ್ಯಾನ್ಸರಿನ ಹೆಸರು ಹೇಳಿ ಹೆದರಿಸಿ ಅಂಗವನ್ನೇ ತೆಗೆಯಲು ತೋರುವ ಆತುರದಲ್ಲಿ ಒಂದು ನಿಮಿಷದ ವಿನೆಗರ್ ಪರೀಕ್ಷೆ ಮಾಡಲು ಏನು ಅಡ್ಡಿ? ಪರೀಕ್ಷಿಸದೆ ತೆಗೆದ ಗರ್ಭಕೋಶದಲ್ಲಿ ನಿಜಕ್ಕೂ ಕ್ಯಾನ್ಸರ್ ಇದ್ದರೆ ಆ ಹೆಂಗಸಿನ ಮುಂದಿನ ಚಿಕಿತ್ಸೆ ಇನ್ನೂ ಜಟಿಲವಾಗುತ್ತದೆ. ತೆಗೆದದ್ದನ್ನು ಲ್ಯಾಬಿಗೇ ಕಳಿಸದಿದ್ದರೆ ಯಾರಿಗೂ ಗೊತ್ತಾಗುವುದೇ ಇಲ್ಲ. ಆಪರೇಷನ್ ಟೇಬಲ್ ಮೇಲೆ ಮಲಗಿದ ಆ ಹೆಂಗಸರು ಮನೆಯಲ್ಲಿ ಕೂತವರಲ್ಲ. ಆಸ್ಪತ್ರೆಗೆ ಬಂದವರು. ನಂಬಿ ಬಂದವರು.

ಹಣದ ಮಾತಿಗೆ ಬರೋಣ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಸರ್ಕಾರ ಹಣ ಕೊಡುತ್ತದೆ. ಕೊಡಲಿ, ಕೊಡಲೇಬೇಕು. ಆದರೆ ಕ್ಯಾನ್ಸರ್ ಬಂದ ಮೇಲೆ ಲಕ್ಷ ಕೊಡಲು ಸಿದ್ಧವಿರುವ ಸರ್ಕಾರ ಬರದಂತೆ ತಡೆಯಲು ಹತ್ತಿ, ವಿನೆಗರ್ ಮತ್ತು ಒಂದು ದೀಪಕ್ಕೆ ಯಾಕೆ ಹಿಂದೆಮುಂದೆ ನೋಡುತ್ತದೆ? ಮುಂದುವರಿದ ಹಂತದಲ್ಲಿ ಪತ್ತೆಯಾದವಳು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋದರೆ ಐದಾರು ವಾರ ವಿಕಿರಣ ಚಿಕಿತ್ಸೆ, ಜೊತೆಗೆ ವಾರಕ್ಕೊಮ್ಮೆ ಕಿಮೋ, ಕೊನೆಯಲ್ಲಿ ಒಳಗಿನಿಂದ ಕೊಡುವ ವಿಕಿರಣ. ಚಿಕಿತ್ಸೆ ಉಚಿತವಾದರೂ ಅಷ್ಟು ದಿನ ಜೊತೆಗಿರುವ ಗಂಡನ ಕೂಲಿ ಹೋಗುತ್ತದೆ, ಸಾಲ ಏರುತ್ತದೆ, ಮನೆಯಲ್ಲಿ ದೊಡ್ಡ ಮಗಳು ಶಾಲೆ ಬಿಟ್ಟು ಒಲೆ ಮುಂದೆ ಕೂರುತ್ತಾಳೆ. ಯೋಜನೆಯ ಖರ್ಚಿನ ಪಟ್ಟಿಯಲ್ಲಿ ಆ ಮಗಳ ಶಾಲೆ ಇಲ್ಲ.

‘ಮುಂಬೈಯಂಥ ದೊಡ್ಡ ಊರಿನ ಪ್ರಯೋಗ ನಮ್ಮ ಹಳ್ಳಿಗೆ ಒಗ್ಗುವುದಿಲ್ಲ’ ಎನ್ನುವವರೂ ಇದ್ದಾರೆ. ಮಹಾರಾಷ್ಟ್ರದ ಉಸ್ಮಾನಾಬಾದ್, ಈಗಿನ ಧಾರಾಶಿವ, ದೊಡ್ಡ ಊರೇ? ಬರದ ನಾಡು, ಒಣಬೇಸಾಯ, ಜಗಳೂರಿನ ಹಾಗೆಯೇ. ಅಲ್ಲಿನ ಹಳ್ಳಿಗಳಲ್ಲಿ 1999ರಿಂದ 1,31,746 ಹೆಂಗಸರ ಮೇಲೆ ನಡೆದ ಅಧ್ಯಯನದ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಜೀವನದಲ್ಲಿ ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ ಮಾಡಿ, ಬೇಕಾದವರಿಗೆ ಚಿಕಿತ್ಸೆ ಕೊಟ್ಟದ್ದರಿಂದ ಎಂಟು ವರ್ಷದಲ್ಲಿ ಈ ಕ್ಯಾನ್ಸರಿನ ಸಾವು ಸುಮಾರು ಅರ್ಧಕ್ಕೆ ಇಳಿಯಿತು. ಜಗತ್ತಿನ ವೈದ್ಯಶಾಸ್ತ್ರ ಆ ಫಲಿತಾಂಶದಿಂದ ಪಾಠ ಕಲಿಯಿತು. ವಿಶ್ವ ಆರೋಗ್ಯ ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ ವಿನೆಗರ್ ಪರೀಕ್ಷೆಗಿಂತಲೂ ಎಚ್‌ಪಿವಿ ಪರೀಕ್ಷೆಯೇ ಮೊದಲ ಆಯ್ಕೆಯಾಗಲಿ ಎಂದಿತು. ತಮಿಳುನಾಡಿನ ದಿಂಡಿಗಲ್ ಹಳ್ಳಿಗಳಲ್ಲಿ ನರ್ಸುಗಳು ಒಂದು ಸಲ ಮಾಡಿದ ವಿನೆಗರ್ ಪರೀಕ್ಷೆ ಸಾವನ್ನು ಶೇ. 35ರಷ್ಟು ಇಳಿಸಿತ್ತು. ಶ್ರೀಲಂಕಾ 1996ರಿಂದ ಹೆಂಗಸರಿಗೆಂದೇ ಸ್ವಸ್ಥ ಮಹಿಳಾ ಚಿಕಿತ್ಸಾಲಯಗಳನ್ನು ನಡೆಸುತ್ತಿದೆ. ನಮ್ಮ ದೇಶದ ಹಳ್ಳಿ ಹೆಂಗಸರ ದೇಹದಿಂದ ಕಲಿತ ಪಾಠ ಜಗತ್ತಿಗೆಲ್ಲ ಹೋಯಿತು, ಚನ್ನಗಿರಿಗೆ ಮಾತ್ರ ಬರಲಿಲ್ಲ.

ಇನ್ನೊಂದು ಮಾತು ಪಿಸುದನಿಯಲ್ಲಿ ಬರುತ್ತದೆ: ಇದು ನಡತೆ ಸರಿಯಿಲ್ಲದವರಿಗೆ ಬರುವ ಕಾಯಿಲೆ. ಇದನ್ನು ಹೇಳುವವರ ಬಾಯಿ ಮುಚ್ಚಿಸಬೇಕು. ಎಚ್‌ಪಿವಿ ದೈಹಿಕ ಸಂಪರ್ಕದಿಂದ ಹರಡುತ್ತದೆ, ನಿಜ. ಆದ್ದರಿಂದಲೇ ಸಂಸಾರ ಮಾಡಿದ ಬಹುತೇಕ ಎಲ್ಲ ಗಂಡಸರಿಗೂ ಹೆಂಗಸರಿಗೂ ಒಂದಲ್ಲ ಒಂದು ಕಾಲಕ್ಕೆ ತಗಲುತ್ತದೆ. ಜೀವಮಾನದಲ್ಲಿ ಗಂಡನೊಬ್ಬನನ್ನೇ ಕಂಡ ಹೆಂಗಸಿಗೂ ಬರುತ್ತದೆ, ತಂದವನು ಗಂಡ. ಚಿಕ್ಕ ವಯಸ್ಸಿಗೆ ಮದುವೆ, ಮೇಲಿಂದ ಮೇಲೆ ಹೆರಿಗೆ ಅಪಾಯವನ್ನು ಹೆಚ್ಚಿಸುತ್ತವೆ. ಕರ್ನಾಟಕದಲ್ಲಿ ಈಗಲೂ ಐವರಲ್ಲಿ ಒಬ್ಬ ಹುಡುಗಿಯ ಮದುವೆ ಹದಿನೆಂಟು ತುಂಬುವ ಮೊದಲೇ ಆಗುತ್ತಿದೆ. ಹುಡುಗಿಯನ್ನು ಹದಿನಾರಕ್ಕೇ ಮದುವೆ ಮಾಡಿಕೊಟ್ಟವರು ನಲವತ್ತಕ್ಕೆ ಅವಳ ನಡತೆಯನ್ನು ಪ್ರಶ್ನಿಸುತ್ತಾರೆ.

‘ಈಗ ಲಸಿಕೆ ಬಂದಿದೆಯಲ್ಲ’ ಎಂಬುದು ಹೊಸ ನೆಪ. ಲಸಿಕೆ ಬರಲಿ, ಪ್ರತಿ ಹುಡುಗಿಗೂ ಸಿಗಲಿ. ಆದರೆ ಅದು ವೈರಸ್ ತಗಲುವ ಮೊದಲು, 9ರಿಂದ 14ರ ವಯಸ್ಸಿನಲ್ಲಿ ಕೊಡುವಂಥದ್ದು. ಅದರ ಪೂರ್ತಿ ಫಲ ಕಾಣಲು ಇನ್ನೂ ಇಪ್ಪತ್ತು–ಮೂವತ್ತು ವರ್ಷ ಬೇಕು. ಇವತ್ತು ಮೂವತ್ತೈದು, ನಲವತ್ತೈದು ತುಂಬಿದ ತಾಯಂದಿರ ಗರ್ಭಕೊರಳಿನಲ್ಲಿ ಆಗಲೇ ಶುರುವಾಗಿರುವ ಬದಲಾವಣೆಯನ್ನು ಯಾವ ಲಸಿಕೆಯೂ ಹಿಂದಕ್ಕೆ ತಿರುಗಿಸುವುದಿಲ್ಲ. ಮಗಳಿಗೆ ಲಸಿಕೆ, ತಾಯಿಗೆ ಮೌನ ಎಂಬ ವ್ಯವಸ್ಥೆಯನ್ನು ಒಪ್ಪಬೇಕೇ? ವಿಶ್ವ ಆರೋಗ್ಯ ಸಂಸ್ಥೆ 2020ರ ನವೆಂಬರಿನಲ್ಲಿ ಇಟ್ಟ ಗುರಿಯಲ್ಲಿ ಮೂರು ಭಾಗಗಳಿವೆ: 2030ರೊಳಗೆ ನೂರಕ್ಕೆ 90 ಹುಡುಗಿಯರಿಗೆ ಲಸಿಕೆ, 70 ಹೆಂಗಸರಿಗೆ 35ರೊಳಗೆ ಒಮ್ಮೆ ಮತ್ತು 45ರೊಳಗೆ ಇನ್ನೊಮ್ಮೆ ಉತ್ತಮ ಗುಣಮಟ್ಟದ ಪರೀಕ್ಷೆ, ತೊಂದರೆ ಕಂಡವರಲ್ಲಿ 90 ಮಂದಿಗೆ ಚಿಕಿತ್ಸೆ. ಎಪ್ಪತ್ತು ಎಲ್ಲಿ, ನಮ್ಮ ಒಂದಕ್ಕೂ ಕಡಿಮೆ ಎಲ್ಲಿ!

ಏನು ಮಾಡಬೇಕು ಎಂಬುದು ರಹಸ್ಯವಲ್ಲ. ಎಚ್‌ಪಿವಿ ಪರೀಕ್ಷೆಗೆ ಸ್ಪೆಕ್ಯುಲಮ್ಮೂ ಬೇಡ, ಯಾರ ಮುಂದೆಯೂ ಮಲಗುವುದೂ ಬೇಡ. ಮೃದುವಾದ ಬ್ರಶ್ಶಿನಂಥ ಕಡ್ಡಿಯನ್ನು ಹೆಂಗಸು ತಾನೇ ಒಳಗಿಟ್ಟು ತಿರುಗಿಸಿ ಕೊಳವೆಗೆ ಹಾಕಿಕೊಟ್ಟರೆ ಸಾಕು. ಮೈಸೂರಿನ ಪಬ್ಲಿಕ್ ಹೆಲ್ತ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾ ಅಲ್ಲಿನ ಗ್ರಾಮೀಣ ಹೆಣ್ಣುಮಕ್ಕಳ ನಡುವೆ ಇದನ್ನು ಮಾಡಿ ನೋಡಿದೆ. ನಮ್ಮದೇ ಕನ್ನಡದ ಹೆಂಗಸರು, ನಮ್ಮಂಥದೇ ಹಳ್ಳಿಗಳು. ಮಾದರಿ ಓದುವ ಯಂತ್ರವೂ ಹೊರದೇಶದಿಂದ ಬರಬೇಕಿಲ್ಲ. ಕ್ಷಯ ಪತ್ತೆಗೆಂದು ಸರ್ಕಾರಿ ಆಸ್ಪತ್ರೆಗಳಿಗೆ ಬಂದಿರುವ, ಕೋವಿಡ್ ಕಾಲದಲ್ಲಿ ಹಗಲಿರುಳು ದುಡಿದ ಟ್ರೂನ್ಯಾಟ್ ಯಂತ್ರ ಬೆಂಗಳೂರಿನ ಬಿಗ್‌ಟೆಕ್ ಲ್ಯಾಬಿನಲ್ಲಿ ರೂಪುಗೊಂಡದ್ದು, ಬ್ಯಾಟರಿಯಲ್ಲೂ ನಡೆಯುತ್ತದೆ. ಚಿಪ್ ಬದಲಿಸಿದರೆ ಅದೇ ಯಂತ್ರ ಎಚ್‌ಪಿವಿಯನ್ನೂ ಓದುತ್ತದೆ. ವೈರಸ್ ಇದ್ದವರ ಗರ್ಭಕೊರಳನ್ನು ನೋಡಿ, ಬದಲಾವಣೆ ಇರುವ ಜಾಗವನ್ನು ನೂರು ಡಿಗ್ರಿ ಬಿಸಿಯ ತುದಿಯಿಂದ ಸುಡುವ, ಕೈಯಲ್ಲಿ ಹಿಡಿಯಬಹುದಾದ ಉಪಕರಣವಿದೆ. ಅರಿವಳಿಕೆ ಬೇಡ, ತರಬೇತಾದ ನರ್ಸೇ ಮಾಡಬಲ್ಲಳು.

ಈ ಕಡ್ಡಿಗಳನ್ನು ಹೆಂಗಸರು ಇರುವಲ್ಲಿಗೆ ಒಯ್ಯಿರಿ. ಚನ್ನಗಿರಿಯಲ್ಲಿ ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಖೇಣಿ ಮನೆಗಳಲ್ಲಿ ಸುಲಿಯಲು ಕೂತ ಹೆಂಗಸರಿದ್ದಾರೆ. ತುಮ್ಕೋಸ್‌ನಂಥ ಅಡಿಕೆ ಸಹಕಾರಿಗಳು ತಾಲ್ಲೂಕಿಗೆ ಹೆಸರು ತಂದ ಬೆಳೆಯ ಹಿಂದೆ ಇರುವ ಈ ಕೈಗಳಿಗೆ ಋಣಿಗಳು. ಅವು ಮುಂದೆ ಬರಬೇಕು. ಸಂತ ಸೇವಾಲಾಲರ ಜನ್ಮಸ್ಥಳವಾದ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ ಪ್ರತಿ ಫೆಬ್ರವರಿಯಲ್ಲಿ ನಾಡಿನ ತಾಂಡಾಗಳೆಲ್ಲ ಬರುತ್ತವೆ. ಹೊನ್ನಾಳಿಯಲ್ಲಿ ಸ್ತ್ರೀಶಕ್ತಿ ಸಂಘಗಳಿವೆ, ವಾರದ ಸಭೆಗಳಿವೆ. ಜಗಳೂರಿನವರು ಗುಳೆ ಹೊರಡುವ ಮುನ್ನವೇ ಅವರನ್ನು ಮುಟ್ಟಬೇಕು. ಎಚ್‌ಐವಿ ಇರುವ ಹೆಂಗಸರಿಗೆ ಈ ಕ್ಯಾನ್ಸರಿನ ಅಪಾಯ ಆರು ಪಟ್ಟು. ಎಆರ್‌ಟಿ ಕೇಂದ್ರಕ್ಕೆ ಮಾತ್ರೆಗೆ ಬರುವ ಅವರಿಗೆ 25ರಿಂದಲೇ ಅಲ್ಲೇ ಪರೀಕ್ಷೆ ಆಗಬೇಕು. ವೈರಸ್ ಇದೆ ಎಂದು ತಿಳಿದ ಒಬ್ಬೊಬ್ಬಳನ್ನೂ ಹೆಸರು ಹಿಡಿದು ಹಿಂಬಾಲಿಸಿ, ತಾಲ್ಲೂಕು ಆಸ್ಪತ್ರೆಯಲ್ಲೇ ಚಿಕಿತ್ಸೆ ಮುಗಿಸಿ ಕಳಿಸಬೇಕು. ಬರುವ ದಿನದ ಕೂಲಿಯನ್ನು ಕೊಡಬೇಕು. ಮಕ್ಕಳಾಗದ ಆಪರೇಷನ್ನಿಗೆ ಹಣ ಕೊಟ್ಟ ಸರ್ಕಾರಕ್ಕೆ ಇದು ಅಸಾಧ್ಯವೆಂದು ಯಾರೂ ಹೇಳದಿರಲಿ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಅಕ್ಕತಂಗಿಯರೇ, ನಿಮಗೆ ಜಾಗೃತಿ ಇಲ್ಲ ಎಂದು ಇನ್ನೊಮ್ಮೆ ಯಾರಾದರೂ ಹೇಳಿದರೆ ಸುಮ್ಮನೆ ಕೇಳಿಸಿಕೊಂಡು ಏಳಬೇಡಿ. ಮುಂದಿನ ಮಹಿಳಾ ಗ್ರಾಮಸಭೆಯಲ್ಲಿ, ಶಾಸಕರು ಬಂದ ಸಭೆಯಲ್ಲಿ, ತಾಲ್ಲೂಕು ಆರೋಗ್ಯಾಧಿಕಾರಿಯ ಮೇಜಿನ ಮುಂದೆ ನಿಂತು ಕೇಳಿ: ಕಳೆದ ವರ್ಷ ಈ ತಾಲ್ಲೂಕಿನಲ್ಲಿ ಮೂವತ್ತು ದಾಟಿದ ಎಷ್ಟು ಹೆಂಗಸರ ಗರ್ಭಕೊರಳನ್ನು ನಿಜಕ್ಕೂ ಪರೀಕ್ಷಿಸಿದಿರಿ, ನಮೂನೆ ತುಂಬಿದ್ದಲ್ಲ, ಪರೀಕ್ಷಿಸಿದ್ದು? ಅವರಲ್ಲಿ ಎಷ್ಟು ಮಂದಿಗೆ ತೊಂದರೆ ಕಂಡಿತು? ಆ ಎಲ್ಲರಿಗೂ ಚಿಕಿತ್ಸೆ ಆಯಿತೇ? ನನ್ನ ಸರದಿ ಯಾವ ತಾರೀಖು? ಉತ್ತರವನ್ನು ಬಾಯಿಮಾತಿನಲ್ಲಿ ಒಪ್ಪಿಕೊಳ್ಳಬೇಡಿ. ಬರೆದು, ಸಹಿ ಹಾಕಿ, ಆಸ್ಪತ್ರೆಯ ಬಾಗಿಲಿನ ಬೋರ್ಡಿಗೆ ಅಂಟಿಸಲು ಹೇಳಿ.